‘ಕಾಲಾ ಪತ್ಥರ್’ ಚಿತ್ರದಂತೆ ಕಲ್ಲಿದ್ದಲು ಗಣಿಗೆ ಒಮ್ಮೆಲೇ ನೀರು ನುಗ್ಗುವುದು ನಿಜವಾಗಿ ಸಾಧ್ಯವೇ?

ಖಂಡಿತ ಸಾಧ್ಯ. 1979ರ ಈ ಚಿತ್ರಕ್ಕೆ ಪ್ರೇರಣೆಯೇ ಧನ್‌ಬಾದ್ ಬಳಿಯ ಚಾಸ್ನಾಲಾ ಗಣಿ ದುರಂತ. 1975ರ ಡಿಸೆಂಬರ್ 27ರಂದು ಅಲ್ಲಿ ಸುಮಾರು 375 ಕಾರ್ಮಿಕರು ನೀರುಪಾಲಾದರು.

ಆ ನೀರು ಮಳೆಯದ್ದಲ್ಲ. ಅಗೆದು ಕೈಬಿಟ್ಟ ಹಳೆಯ ಸುರಂಗಗಳಲ್ಲಿ ವರ್ಷಗಟ್ಟಲೆ ನೀರು ತುಂಬಿಕೊಳ್ಳುತ್ತದೆ. ಅದಕ್ಕೂ ಹೊಸ ಸುರಂಗಕ್ಕೂ ನಡುವೆ ಇರುವುದು ಅಗೆಯದೆ ಬಿಟ್ಟ ಕಲ್ಲಿದ್ದಲಿನ ಗೋಡೆಯೊಂದೇ. ನೀರು 100 ಮೀಟರ್ ಎತ್ತರ ನಿಂತಿದ್ದರೆ ಆ ಗೋಡೆಯ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 100 ಟನ್ ಒತ್ತಡ! ಹಳೆಯ ನಕ್ಷೆ ತಪ್ಪಿದ್ದರೆ, ಅಥವಾ ಚಿತ್ರದಲ್ಲಿನ ಗಣಿ ಮಾಲೀಕನಂತೆ ಲಾಭದಾಸೆಗೆ ಅಲ್ಲೇ ಅಗೆಸಿದರೆ, ಗೋಡೆ ತೆಳ್ಳಗಾಗುತ್ತದೆ. ಮೊದಲು ಕಲ್ಲಿದ್ದಲಿನ ಮೈ ಬೆವರುತ್ತದೆ, ಸಣ್ಣಗೆ ಜಿನುಗುತ್ತದೆ. ಕೆಲವೊಮ್ಮೆ ಆ ಸೂಚನೆಯೂ ಇಲ್ಲದೆ ಒಡೆಯುತ್ತದೆ. ನೀರು ತಗ್ಗಿಗೇ ಹರಿಯುವುದರಿಂದ ಆಳದಲ್ಲಿದ್ದವರಿಗೆ ಮೇಲೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಪಂಪುಗಳು ಇಲ್ಲಿ ಲೆಕ್ಕಕ್ಕಿಲ್ಲ.

ಅದಕ್ಕೇ ಹಳೆಯ ಸುರಂಗದಿಂದ 60 ಮೀಟರ್ ಒಳಗೆ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಅನುಮತಿ ಪಡೆದು ಅಗೆದರೂ, ಕನಿಷ್ಠ 3 ಮೀಟರ್ ಮುಂದಕ್ಕೆ ರಂಧ್ರ ಕೊರೆದು ನೀರಿದೆಯೇ ಎಂದು ನೋಡಿಕೊಂಡೇ ಮುಂದುವರಿಯಬೇಕು. ಪಕ್ಕಗಳಿಗೂ ಕೊರೆಯಬೇಕು, ಏಕೆಂದರೆ ನೀರು ಎದುರಿನಿಂದಲೇ ಬರಬೇಕೆಂದಿಲ್ಲ.