ಮಕ್ಕಳು ಪಾಠದಲ್ಲಿ ಜಾಸ್ತಿ ತೊಡಗಿಕೊಳ್ಳುವುದು ಎಐ ಟ್ಯೂಟರ್ ಜೊತೆಗಾ, ಟೀಚರ್ ಜೊತೆಗಾ?

ಪರದೆ ಮುಂದೆ ಕೂರುವುದು ಬೇರೆ, ತಲೆ ಓಡಿಸುವುದು ಬೇರೆ ಅಲ್ವಾ? ಕೂರಿಸುವುದರಲ್ಲಿ ಎಐ ಗಟ್ಟಿಗ. ಅದೇ ಪ್ರಶ್ನೆ ಹತ್ತು ಸಲ ಕೇಳಿದರೂ ಸಿಡುಕುವುದಿಲ್ಲ. ತರಗತಿಯಲ್ಲಿ ಕೈ ಎತ್ತಲು ನಾಚುವ ಮಗು ಇಲ್ಲಿ ಧೈರ್ಯವಾಗಿ ಕೇಳುತ್ತದೆ.

ಎಡವಟ್ಟಾಗುವುದು ಉತ್ತರ ಸಲೀಸಾಗಿ ಸಿಕ್ಕಾಗ. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು 1,000 ವಿದ್ಯಾರ್ಥಿಗಳ ಮೇಲೆ ಜಿಪಿಟಿ-4 ಅನ್ನುವ ಎಐ ಬಳಸಿ ಪ್ರಯೋಗ ನಡೆದಿತ್ತು. ಗಣಿತದ ಅಭ್ಯಾಸದಲ್ಲಿ ಚಾಟ್‌ಜಿಪಿಟಿ ಥರದ ಮಾಮೂಲಿ ಎಐ ಚಾಟ್ ಬಳಸಿದವರ ಅಂಕ 48% ಏರಿತು. ಆಮೇಲೆ ಅದಿಲ್ಲದೆ ಪರೀಕ್ಷೆ ಬರೆದಾಗ, ಎಐ ಮುಟ್ಟದವರಿಗಿಂತ 17% ಕಡಿಮೆ ಬಂತು! ಉತ್ತರ ಬಿಟ್ಟುಕೊಡದೆ ಸುಳಿವು ಮಾತ್ರ ಕೊಡುವಂತೆ ಮಾಡಿದ ಟ್ಯೂಟರ್ ಬಳಸಿದವರಲ್ಲಿ ಈ ನಷ್ಟ ಹೆಚ್ಚುಕಡಿಮೆ ಕಾಣಲಿಲ್ಲ. ಹಾಗಾಗಿ ಎಐ ಒಳ್ಳೆಯದಾ ಅಂತ ಕೇಳುವ ಮೊದಲು, ಎಂಥ ಎಐ ಅಂತ ಕೇಳಬೇಕು.

ಟೀಚರ್ ಕೈಯಲ್ಲಿರುವುದು ಬೇರೆ ಅಸ್ತ್ರ. "ಅರ್ಥ ಆಯ್ತು ಮಿಸ್" ಅಂತ ಸುಮ್ನೆ ತಲೆಯಾಡಿಸಿದ ಹುಡುಗನನ್ನು ಮುಖ ನೋಡಿಯೇ ಹಿಡಿಯುತ್ತಾರೆ, ಬೋರ್ಡಿಗೆ ಕರೆಯುತ್ತಾರೆ. ನಾಳೆ ಕೇಳುತ್ತಾರೆ ಅನ್ನುವ ಅಂಜಿಕೆಯೂ ಇರುತ್ತದೆ, ಮೆಚ್ಚಿಸಬೇಕು ಅನ್ನುವ ಆಸೆಯೂ. ಟ್ಯಾಬ್ ಮುಚ್ಚಿ ಎದ್ದು ಹೋದರೆ ಎಐ ಹುಡುಕಿಕೊಂಡು ಬರುವುದಿಲ್ಲ. ಓದುವ ಹಂಬಲ ಮೊದಲೇ ಇರುವವರಿಗೆ ಇದು ತೊಂದರೆಯಲ್ಲ. ಇಲ್ಲದವರಿಗೆ ಮೊದಲು ಟೀಚರ್ ಬೇಕು, ಆ್ಯಪ್ ಆಮೇಲೆ.