ಟಿವಿ ವರದಿಗಾರ ಆಗಲು ಬೆಂಗಳೂರಿಗೇ ಹೋಗಬೇಕಾ?

ಧಾರವಾಡದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೀನಿ, ಟಿವಿ ನ್ಯೂಸ್‌ಗೆ ಸೇರಬೇಕು, ಸೀದಾ ಬೆಂಗಳೂರಿಗೆ ಹೋಗಲಾ, ಜಿಲ್ಲಾ ವರದಿಗಾರರ ಬದುಕು ಹೇಗಿರುತ್ತೆ ಅಂತ ಕೇಳಿದ್ದೀರಿ. ಮೊದಲು ಇಲ್ಲೇ ಶುರು ಮಾಡಿ. ನಾನು ಹುಬ್ಬಳ್ಳಿಯಲ್ಲಿದ್ದುಕೊಂಡು ಗದಗ, ಹಾವೇರಿ ಕಡೆಗೂ ಓಡಾಡುವ ವರದಿಗಾರ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೀನಿ.

ಬೆಂಗಳೂರಲ್ಲಿ ಒಬ್ಬರಿಗೆ ಕ್ರೈಂ, ಇನ್ನೊಬ್ಬರಿಗೆ ರಾಜಕೀಯ ಅಂತ ಹಂಚಿರುತ್ತಾರೆ. ಇಲ್ಲಿ ಎಲ್ಲವೂ ನಿಮ್ಮ ತಲೆ ಮೇಲೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಬಿದ್ದರೂ ನೀವೇ, ಧಾರವಾಡದ ಹೈಕೋರ್ಟ್ ಪೀಠದಲ್ಲಿ ಆದೇಶ ಬಂದರೂ ನೀವೇ, ಹುಬ್ಬಳ್ಳಿ ಏರ್‌ಪೋರ್ಟಲ್ಲಿ ಮಂತ್ರಿ ಇಳಿದರೂ ನೀವೇ. ಮಂತ್ರಿಯ ಬೈಟ್, ಅಂದರೆ ಕ್ಯಾಮೆರಾ ಮುಂದೆ ಆಡುವ ನಾಲ್ಕು ಮಾತು, ಬಿಡಿ, ಅದನ್ನು ಯಾರು ಬೇಕಾದರೂ ತರುತ್ತಾರೆ.

ಗೋವಾ ಜೊತೆಗಿನ ಮಹದಾಯಿ ನದಿ ನೀರಿನ ಜಗಳ ತಗೊಳ್ಳಿ. 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಸುದ್ದಿಯಾಯಿತು. ಆದರೆ ಅದರಲ್ಲಿ ಮಲಪ್ರಭೆಗೆ ತಿರುಗಿಸೋಕೆ ಸಿಕ್ಕಿದ್ದು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಕೂಡಿಸಿದರೆ 3.9 ಟಿಎಂಸಿ ಅಷ್ಟೇ. ದೊಡ್ಡ ಪಾಲು, ಅಂದರೆ 8.02 ಟಿಎಂಸಿ, ವಿದ್ಯುತ್ ಉತ್ಪಾದನೆಗೆ. ಇದು ಗೊತ್ತಿಲ್ಲದವರು ರೈತನ ಮುಂದೆ ಚಾನೆಲ್ ಲೋಗೋ ಇರುವ ಮೈಕ್ ಹಿಡಿದು "ಖುಷಿ ಆಯ್ತಾ" ಅಂತ ಕೇಳುತ್ತಾರೆ. ಗೊತ್ತಿದ್ದವರು "ಈ 3.9ರಲ್ಲಿ ನಿಮ್ಮ ಹೊಲದ ತನಕ ಏನು ಬರುತ್ತೆ" ಅಂತ ಕೇಳುತ್ತಾರೆ. ಆಗ ರೈತ ಘೋಷಣೆ ಬಿಟ್ಟು ಮಾತಾಡೋಕೆ ಶುರು ಮಾಡುತ್ತಾನೆ, ಕಾಲುವೆ ಯಾವಾಗ ಒಣಗಿತು, ಎಷ್ಟು ಸಾಲ ಆಗಿದೆ ಅಂತ. ಸುದ್ದಿ ಅಂದರೆ ಅದು, ಅಲ್ವಾ? ಸ್ಟುಡಿಯೋದಲ್ಲಿ ಕೂತವರಿಗೆ ಅದು ಸಿಗಲ್ಲ.

ಕಷ್ಟದ ಮಾತಿಗೆ ಬರುತ್ತೀನಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರು. ಇಂಥ ಕಡೆ ಡೆಸ್ಕಿಂದ, ಅಂದರೆ ಚಾನೆಲ್ ಆಫೀಸಲ್ಲಿ ಸುದ್ದಿ ಸಿದ್ಧ ಮಾಡುವವರಿಂದ, ಮೇಲಿಂದ ಮೇಲೆ ಫೋನ್ ಬರುತ್ತಿರುತ್ತೆ, ಸತ್ತವರು ಎಷ್ಟಾಯ್ತು, ಎಷ್ಟಾಯ್ತು ಅಂತ. ನಿಮ್ಮ ಪಕ್ಕದಲ್ಲೇ, ಬ್ಯಾರಿಕೇಡ್ ಹಿಡಿದು ನಿಂತ ಹೆಣ್ಣುಮಗಳು ಮೊಬೈಲಲ್ಲಿ ನಿಮ್ಮ ಚಾನೆಲ್ಲನ್ನೇ ನೋಡುತ್ತಿರುತ್ತಾಳೆ, ಅವಳ ಗಂಡ ಒಳಗಿದ್ದಾನೆ. ಅಲ್ಲಿ ಎರಡು ದಿನ ಕಳೆದ ಮೇಲೂ ಜೀವಂತ ಹೊರಗೆ ಬಂದವರಿದ್ದರು. ಹಾಗಾಗಿ ಆಸ್ಪತ್ರೆಯವರೋ ಡಿಸಿಯೋ ಹೇಳುವ ತನಕ ಸತ್ತವರ ಹೆಸರು ಬಾಯಿಗೆ ಬರಲೇಬಾರದು, ಬೇರೆ ಚಾನೆಲ್‌ನವರು ಮೊದಲು ಹಾಕಿದರೂ ಸರಿ. ಡೆಸ್ಕ್ ಬೈಯುತ್ತೆ. ಬೈಸಿಕೊಳ್ಳಿ. ಅವರು ನಾಳೆ ಇನ್ನೊಂದು ಊರಿನ ಸುದ್ದಿಗೆ ಹೋಗುತ್ತಾರೆ, ನೀವು ಅದೇ ಓಣಿಯಲ್ಲಿ ಓಡಾಡಬೇಕು.

ಇನ್ನು ದುಡ್ಡು. ಜಿಲ್ಲೆ, ತಾಲೂಕುಗಳಲ್ಲಿ ಜಾಸ್ತಿ ಜನ ಸ್ಟ್ರಿಂಗರ್‌ಗಳು, ಅಂದರೆ ಕಾಯಂ ನೌಕರರಲ್ಲದ ವರದಿಗಾರರು. ಎಷ್ಟೋ ಕಡೆ ಸಂಬಳ ಇಲ್ಲ, ಸ್ಟೋರಿಗೆ ಇಷ್ಟು ಅಂತ, ಅದೂ ತಿಂಗಳುಗಟ್ಟಲೆ ತಡ. ಪತ್ರಕರ್ತರ ಕೆಲಸದ ಷರತ್ತುಗಳಿಗೆ ಅಂತ 1955ರಲ್ಲಿ ಬಂದಿದ್ದ ವರ್ಕಿಂಗ್ ಜರ್ನಲಿಸ್ಟ್ಸ್ ಕಾಯ್ದೆ ಇದ್ದಿದ್ದೇ ಪತ್ರಿಕೆಯವರಿಗೆ, ಅದು ಬಂದಾಗ ಟಿವಿ ನ್ಯೂಸ್ ಎಲ್ಲಿತ್ತು? ಕೊಣ್ಣೂರಲ್ಲಿ ಮಲಪ್ರಭೆ ಉಕ್ಕಿದಾಗ ನೀರಿಗಿಳಿಯೋದು ಇದೇ ಸ್ಟ್ರಿಂಗರ್, ತನ್ನದೇ ಬೈಕ್, ತನ್ನದೇ ಕ್ಯಾಮೆರಾ ತಗೊಂಡು. ಇದು ದೊಡ್ಡ ಅನ್ಯಾಯ, ನಾವ್ಯಾರೂ ಸುಮ್ನೆ ಒಪ್ಪಿಕೊಳ್ಳಬಾರದು. ಸೇರುವ ಮೊದಲೇ ಪೆಟ್ರೋಲ್ ಯಾರದು, ಕ್ಯಾಮೆರಾ ಕೆಟ್ಟರೆ ಯಾರು ಕೊಡುತ್ತಾರೆ, ಇನ್ಶೂರೆನ್ಸ್ ಇದೆಯಾ ಅಂತ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತಗೊಳ್ಳಿ. ಬರೆದು ಕೊಡಲ್ಲ ಅಂದವರ ಕಡೆ ಹೋಗಬೇಡಿ.