ಸಿಲ್ವರ್ ಓಕ್‌ಗೂ ಆ ಓಕ್ ರೋಗ ಬರುತ್ತಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗ ಅಲ್ಲಿ ಒಣಗಿ ನಿಂತ ಓಕ್ ಮರಗಳ ಫೋಟೊ ಕಳಿಸಿದ್ದಾನೆ. 'ಫೈಟಾಫ್ತೊರಾ ರಮೋರಮ್' ಅಂತ ರೋಗವಂತೆ. ನಮ್ಮ ಬೇಣದಲ್ಲಿ ನಲವತ್ತು ಸಿಲ್ವರ್ ಓಕ್ ಇವೆ, ಎಲ್ಲಕ್ಕೂ ಕಾಳುಮೆಣಸು ಹಬ್ಬಿಸಿದ್ದೇನೆ. ಮರ ಕಡಿಸಬೇಕಾ ಸರ್?
– ಒಬ್ಬ ಬೆಳೆಗಾರ, ಶಿರಸಿ

ಉತ್ತರ: ಸುಮ್ನೆ ಮರ ಕಡಿಸಬೇಡಿ. ಸಿಲ್ವರ್ ಓಕ್ ಹೆಸರಿಗಷ್ಟೇ ಓಕ್. ಆಸ್ಟ್ರೇಲಿಯಾದಿಂದ ಬಂದ ಅದು ಮಕಡೇಮಿಯಾ ಎಂಬ ತಿನ್ನುವ ಬೀಜದ ಮರದ ನೆಂಟ. ನಿಜವಾದ ಓಕ್ ನೋಡಬೇಕಾದರೆ ಹಿಮಾಲಯಕ್ಕೋ ಈಶಾನ್ಯಕ್ಕೋ ಹೋಗಬೇಕು.

ಆದರೆ ಆ ರೋಗದ ಹೆಸರಿನ ಮೊದಲರ್ಧ ನಿಮ್ಮ ತೋಟಕ್ಕೆ ಹಳೆಯ ಪರಿಚಯ. ಅಡಿಕೆಗೆ ಕೊಳೆ ತರುವುದೂ, ಮೆಣಸಿನ ಬಳ್ಳಿಯನ್ನು ನೋಡನೋಡುತ್ತ ಸೊರಗಿಸುವುದೂ ಫೈಟಾಫ್ತೊರಾ ಕುಲದವೇ. ಶಿಲೀಂಧ್ರ ಅನ್ನುವುದು ರೂಢಿ. ಅಸಲಿಗೆ ಇವು ನೀರಿನ ಬೂಷ್ಟು, ಕಂದು ಪಾಚಿಗೆ ಹತ್ತಿರದವು. ಇವುಗಳ ಬೀಜಕಣಕ್ಕೆ ಎರಡು ಬಾಲ, ನೀರಲ್ಲಿ ಈಜುತ್ತದೆ. ಮಳೆ ಹಿಡಿದ ವರ್ಷ ಕೊಳೆ ಜಾಸ್ತಿ ಆಗುವುದು ಅದಕ್ಕೇ.

ಅಮೆರಿಕದ ಕಥೆಯಲ್ಲಿ ನನಗೆ ಸ್ವಾರಸ್ಯ ಅನಿಸುವುದು ಬೇರೆ ಮರ. ಅಲ್ಲಿ 1990ರ ದಶಕದ ನಡುವಿನಲ್ಲಿ ಮರಗಳು ಸಾಯತೊಡಗಿದವು, ಕಾರಣ ಸಿಕ್ಕಿದ್ದು 2000ದಲ್ಲಿ. ಓಕ್ ಕಾಂಡದಿಂದ ಕಪ್ಪು ರಸ ಸುರಿಸಿ ಸಾಯುತ್ತದೆ. ಆದರೆ ರೋಗ ಹಂಚುವುದು ಅದಲ್ಲ, ಪಕ್ಕದ ಬೇ ಲಾರೆಲ್. ನಮ್ಮ ದಾಲ್ಚಿನ್ನಿ ಬಳಗದ್ದು. ಎಲೆ ತುದಿಯಲ್ಲಿ ಒಂದಿಷ್ಟು ಕಲೆ ಬಿಟ್ಟರೆ ಮರ ಗಟ್ಟಿಮುಟ್ಟಾಗಿರುತ್ತದೆ. ಆ ಎಲೆಗಳ ಮೇಲಿಂದ ಸಿಡಿದ ಮಳೆಹನಿಯೇ ಓಕ್‌ಗೆ ಮುಳುವು.

ನೀವೂ ಮರ ಬಿಟ್ಟು ಬಳ್ಳಿಯ ಬುಡ ನೋಡಿ. ನೆಲಕ್ಕೆ ಹರಿದ ಹಬ್ಬುಬಳ್ಳಿಯ ಎಲೆಗೆ ಕೆಸರು ಸಿಡಿದರೆ ಮೊದಲ ಕಪ್ಪು ಕಲೆ ಅಲ್ಲೇ. ಮಳೆಗಾಲಕ್ಕೆ ಮುಂಚೆ ಅವನ್ನು ಕತ್ತರಿಸಿ, ಇಲ್ಲವೇ ಎತ್ತಿ ಕಟ್ಟಿ. ಬುಡದಲ್ಲಿ ನೀರು ನಿಲ್ಲಬಾರದು. ಅಡಿಕೆಗೆ ಹೊಡೆಯುವ ಬೋರ್ಡೋ (1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು) ಬಳ್ಳಿಗೂ ಆಗುತ್ತದೆ. ಕತ್ತಿ ಅದ್ದಿ ತೆಗೆದಾಗ ಕೆಂಪು ಕಟ್ಟಿದರೆ ಸುಣ್ಣ ಸಾಲದು ಅಂತ ಅರ್ಥ. ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಹಾಕುವುದಿದ್ದರೆ ಅದರ ಜೊತೆಗೇ ಬೋರ್ಡೋ ಬೇಡ. ಸತ್ತ ಬಳ್ಳಿ ಅಗೆದ ಗುದ್ದಲಿಯನ್ನು ತೊಳೆಯದೆ ಇನ್ನೊಂದು ಬುಡಕ್ಕೆ ತಾಗಿಸಬೇಡಿ.

ಹಾಂ, ಮಗನಿಗೂ ಒಂದು ಮಾತು ಹೇಳಿ. ಈ ರೋಗ ನರ್ಸರಿಯ ರೊಡೊಡೆಂಡ್ರಾನ್ ಗಿಡಗಳ ಜೊತೆ ಊರೂರು ಸುತ್ತಿದೆ. ಬರುವಾಗ ಚೆಂದದ ಗಿಡ ಅಂತ ಕಟ್ಟಿಕೊಂಡು ಬರುವುದು ಬೇಡ. ಕಾಡು ಸುತ್ತಿದ ಬೂಟು ಅಲ್ಲೇ ತೊಳೆದುಕೊಳ್ಳಲಿ.